ಫೋನಿಗೂ ಒಂದು ದೃಷ್ಟಿಬೊಟ್ಟು

ತೋವಿನಕೆರೆಯಲ್ಲಿ ಇಂದ್ರಮ್ಮನ ಕೈಯಲ್ಲಿ ನೀರು ಹಾಕಿಸಿಕೊಳ್ಳದೆ ಬೆಳೆದ ಮಕ್ಕಳು ಕಡಿಮೆ. ನನ್ನ ಮಕ್ಕಳಿಬ್ಬರಿಗೂ ಅವಳೇ ನೀರು ಹಾಕಿದ್ದು. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೂ ಅವಳ ಕೆಲಸ ಮಾತ್ರ ಎಲ್ಲಿಗೂ ಹೋಗಲಿಲ್ಲ. ಯಾವ ಆಸ್ಪತ್ರೆಯವರೂ ಮನೆಗೆ ಬಂದು ಬಾಣಂತಿಯ ಬೆನ್ನಿಗೆ ಹರಳೆಣ್ಣೆ ತಿಕ್ಕಿ, ಹಂಡೆಯ ನೀರನ್ನು ಚೊಂಬುಚೊಂಬಾಗಿ ಸುರಿಯುವುದಿಲ್ಲವಲ್ಲ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲಿನ ಮೇಲೆ ಕೂಸನ್ನು ಮಲಗಿಸಿಕೊಂಡಳೆಂದರೆ ಎಂಥ ರಚ್ಚೆ ಹಿಡಿದ ಮಗುವೂ ನೀರು ಬೀಳುವ ಹೊತ್ತಿಗೆ ಸುಮ್ಮನಾಗುತ್ತದೆ.

ಮಧುಗಿರಿ ಕಡೆಯಿಂದ ಸೊಸೆಯಾಗಿ ಬಂದವಳು, ಈ ಕೆಲಸವನ್ನು ಅತ್ತೆಯಿಂದ ಕಲಿತಳು. ಅತ್ತೆಯಿಂದ ಕಲಿಯದೆ ಹುಟ್ಟಿನಿಂದಲೇ ತಂದದ್ದು ಕುತೂಹಲ. ಕಂಡದ್ದನ್ನೆಲ್ಲ ಮುಟ್ಟಿ, ತಿರುಗಿಸಿ ನೋಡಬೇಕು ಅವಳಿಗೆ. ನಾನು ಊರಿನ ಆಶಾ ಕಾರ್ಯಕರ್ತೆ, ಶಶಿರೇಖಾ. ನನಗೆ ಬಿಪಿ ನೋಡುವ ಯಂತ್ರ ಕೊಟ್ಟ ದಿನ ಅದನ್ನು ತನ್ನ ತೋಳಿಗೆ ಕಟ್ಟಿಸಿಕೊಂಡಳು, ಆಮೇಲೆ ಮೇಕೆಗೂ ಕಟ್ಟಿ ನೋಡೋಣ ಎಂದು ಗಂಟುಬಿದ್ದಳು. ಬೈದು ಕಳಿಸಿದೆ. ಹೋಗುತ್ತಾ ಹೋಗುತ್ತಾ, ಮೇಕೆಗೆ ಬಿಪಿ ಇಲ್ಲ ಅಂತ ನಿನಗೆ ಹೆಂಗೆ ಗೊತ್ತು ಎಂದು ಕೇಳಿಯೇ ಹೋದಳು.

ಈಗ ನಮ್ಮ ಕೆಲಸವೆಲ್ಲ ಫೋನಿನಲ್ಲಿ. ತೂಕ, ಲಸಿಕೆ, ಸಕ್ಕರೆ ಕಾಯಿಲೆ ಎಲ್ಲವನ್ನೂ ಅದಕ್ಕೆ ತುಂಬಿಸುವುದೇ ಆಗಿತ್ತು, ಇತ್ತೀಚೆಗೆ ಮನಸ್ಸೂ ಸೇರಿದೆ. ಬಾಣಂತಿಯ ಮುಂದೆ ಕೂತು ನಿದ್ದೆ ಬರುತ್ತದೆಯೇ, ಸುಮ್ಮಸುಮ್ಮನೆ ಅಳು ಬರುತ್ತದೆಯೇ ಎಂದು ಒಂದೊಂದೇ ಕೇಳಿ ಒತ್ತುತ್ತಾ ಹೋಗಬೇಕು. ಕೊನೆಗೆ ಹಸಿರೋ ಕೆಂಪೋ ಒಂದು ಬಣ್ಣ ಬರುತ್ತದೆ. ಕೆಂಪು ಬಂದರೆ, ಅಥವಾ ನಮಗೇ ಅನುಮಾನ ಬಂದರೆ, ತುಮಕೂರಿನಲ್ಲಿರುವ ಮನಸ್ಸಿನ ಡಾಕ್ಟರು ವಿಡಿಯೊದಲ್ಲಿ ಬಂದು ಮಾತಾಡುತ್ತಾರೆ. ಇದು ನನಗೆ ನಿಜವಾಗಿಯೂ ಇಷ್ಟವಾದ ಏರ್ಪಾಡು. ಹಿಂದೆ ಅಂಥ ಡಾಕ್ಟರ ಹತ್ತಿರ ಹೋಗಬೇಕೆಂದರೆ ಬಸ್ ಹತ್ತುವ ಮೊದಲೇ ಊರಿಗೆಲ್ಲ ಸುದ್ದಿ ಮುಟ್ಟಿರುತ್ತಿತ್ತು.

ಧನಲಕ್ಷ್ಮಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಗಂಡು ಕೂಸು, ದುಂಡುದುಂಡಗಿತ್ತು. ನಾನು ಪ್ರಶ್ನೆ ಕೇಳಲು ಹೋದಾಗ ಅವಳ ತಾಯಿ ನರಸಿಂಹಮ್ಮ ನಡುವೆ ಕೂತು ಎಲ್ಲಕ್ಕೂ ತಾನೇ ಉತ್ತರ ಕೊಟ್ಟಳು. ನಗುತ್ತಾಳೆ, ಉಣ್ಣುತ್ತಾಳೆ, ಇವಳಿಗೇನು ಕಮ್ಮಿಯಾಗಿದೆ ಎಂದಳು. ಹುಡುಗಿ ತಲೆ ಬಗ್ಗಿಸಿಕೊಂಡೇ ಇದ್ದಳು. ಹಸಿರು ಬಂತು. ಉತ್ತರ ಕೊಟ್ಟವರು ಯಾರು ಎಂದು ಕೇಳುವ ಬುದ್ಧಿ ಆ ಫೋನಿಗೆ ಎಲ್ಲಿಂದ ಬರಬೇಕು?

ವಾರ ಕಳೆದಿರಬೇಕು, ಡೈರಿಯ ಹತ್ತಿರ ಇಂದ್ರಮ್ಮ ನನ್ನನ್ನು ಪಕ್ಕಕ್ಕೆ ಕರೆದಳು.

"ಆ ಹುಡ್ಗಿ ಮಗೂನ ಮುಟ್ಟಾಕಿಲ್ಲ ಕಣಮ್ಮ. ಹಾಲು ಕುಡಿಸುವಾಗ್ಲೂ ಅವರವ್ವನೇ ಹಿಡ್ಕಂಬೇಕು. ನಾನು ನೀರು ಹಾಕಾಕೆ ಬಚ್ಚಲಿಗೆ ತಗಂಡೋದ್ರೆ ಕಣ್ಮುಚ್ಕಂಡು ಗೋಡೆ ಕಡೆ ತಿರುಕ್ಕಂತಾಳೆ. ಏನೋ ಗಾಳಿ ಸೋಕೈತೆ."

ಗಾಳಿಯೂ ಅಲ್ಲ ಮಣ್ಣೂ ಅಲ್ಲ, ಡಾಕ್ಟರಿಗೆ ತೋರಿಸಬೇಕು ಎಂದೆ. ಒಳಗೊಳಗೇ ನನಗೆ ಭಯವಾಗಿತ್ತು. ಇಂಥದ್ದನ್ನು ಸುಮ್ಮನೆ ಬಿಟ್ಟರೆ ತಾಯಿಯೋ ಮಗುವೋ ಕೈತಪ್ಪಿ ಹೋಗಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು. ಅವತ್ತೇ ಕೇಳಿಕೊಂಡು ಮಾರನೆಯ ಬೆಳಿಗ್ಗೆಗೆ ವಿಡಿಯೊ ಗೊತ್ತು ಮಾಡಿಸಿದೆ.

ಬೆಳಿಗ್ಗೆ ಹೋದರೆ ಬಾಣಂತಿ ಕೋಣೆಯ ಬಾಗಿಲಿಗೆ ಇಂದ್ರಮ್ಮನೇ ಅಡ್ಡ ನಿಂತಿದ್ದಾಳೆ. ಡಾಕ್ಟರು ಗಂಡಸು ಎಂದು ಅವಳಿಗೆ ಹೇಗೋ ಗೊತ್ತಾಗಿತ್ತು. ಹೊರಗಿನವರ ಕಣ್ಣು ಹಸಿ ಬಾಣಂತಿಯ ಮೇಲೆ ಬೀಳಬಾರದು, ಅವಳ ಗಂಡನನ್ನೇ ಹೊಸಿಲಾಚೆ ನಿಲ್ಲಿಸಿದ್ದೇವೆ, ಇನ್ನು ಇವರು ಯಾರು ಎಂಬುದು ಅವಳ ತಕರಾರು. ಡಾಕ್ಟರು ತುಮಕೂರಿನಲ್ಲಿದ್ದಾರೆ, ಇಲ್ಲಿಗೆ ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅಷ್ಟಕ್ಕೇ ಅವಳ ಸಿಟ್ಟೆಲ್ಲ ಹಾರಿಹೋಗಿ ಕಣ್ಣಲ್ಲಿ ಹಳೇ ಕುತೂಹಲ ಕೂತಿತು.

"ಅವ್ರು ಅಲ್ಲಿ ಕುಂತ್ಕಂಡು ಇಲ್ಲಿ ನೋಡಿದ್ರೆ ದೃಷ್ಟಿ ಆಗುತ್ತಾ? ಇಲ್ಲಾ ದಾರೀಲೇ ಎಲ್ಲಾದ್ರೂ ಬಿದ್ದೋಗುತ್ತಾ?"

ನಾನು ಫೋನು ಹೊರತೆಗೆದೆ. ಇದರ ಕಣ್ಣು ಎಲ್ಲಿದೆ ಎಂದು ಕೇಳಿದಳು. ಫೋನಿನ ನೆತ್ತಿಯಲ್ಲಿರುವ ಚಿಕ್ಕ ತೂತನ್ನು ತೋರಿಸಿದೆ. ಮೂಗಿನ ಹತ್ತಿರ ಹಿಡಿದು ನೋಡಿದಳು, ಸಾಸಿವೆಯಷ್ಟಿದೆಯಲ್ಲ ಎಂದಳು, ನಾನೇ ಒಳಗೆ ಇಡುತ್ತೇನೆ ಎಂದು ಇಸಿದುಕೊಂಡು ಹೋದಳು. ಒಪ್ಪಿದಳಲ್ಲ ಎಂಬ ಖುಷಿಯಲ್ಲಿ ನಾನು ನರಸಿಂಹಮ್ಮನನ್ನು ಹಸುವಿನ ನೆಪ ಹೇಳಿ ಹಿತ್ತಲಿಗೆ ಸಾಗಹಾಕಿದೆ.

ನಾನು ಕೋಣೆಯೊಳಗೆ ಹೋಗುವ ಹೊತ್ತಿಗೆ ಕರೆ ಬಂತು. ಡಾಕ್ಟರ ಮುಖ ಚೆನ್ನಾಗಿ ಕಾಣುತ್ತಿತ್ತು. ಅವರು ಮಾತ್ರ ಕಣ್ಣು ಕಿರಿದು ಮಾಡಿ, ನಿಮ್ಮ ಕಡೆ ಪೂರ್ತಿ ಕತ್ತಲೆ ಎಂದರು. ಬೆಳಕಿಗೆ ತಿರುಗಿಸಿದೆ, ಕತ್ತಲೆ. ಕಿಟಕಿ ತೆಗೆದೆ, ಕತ್ತಲೆ. ಆಮೇಲೆ ನೋಡುತ್ತೇನೆ, ಫೋನಿನ ನೆತ್ತಿಯ ಮೇಲೆ ಹೆಬ್ಬೆಟ್ಟಿನಗಲದ ಕಪ್ಪು ಬೊಟ್ಟು. ಕೂಸಿನ ಕೆನ್ನೆಗೂ ಅಂಗಾಲಿಗೂ ಇಡುವ ಕಾಡಿಗೆಯನ್ನೇ ಇಂದ್ರಮ್ಮ ಫೋನಿನ ಕಣ್ಣಿಗೂ ಇಟ್ಟಿದ್ದಳು. ದೀಪದ ಮಸಿಗೆ ಹರಳೆಣ್ಣೆ ಕಲಸಿ ಮಾಡಿದ್ದು, ಸೆರಗಿನಿಂದ ಒರೆಸಿದರೆ ಇನ್ನಷ್ಟು ಹರಡಿತು. ನನಗೆ ಮೈಯೆಲ್ಲ ಉರಿದುಹೋಯಿತು. ಏನಜ್ಜಿ ನಿನ್ನ ಅವತಾರ ಎಂದು ಬಾಯಿಗೆ ಬಂದಂತೆ ಬೈದೆ. ಅವಳು ಜಗ್ಗಲಿಲ್ಲ, ದೃಷ್ಟಿ ಬಿದ್ದರೆ ಅದರ ಮೇಲೆ ಬೀಳಲಿ ಎಂದಳು.

ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಧನಲಕ್ಷ್ಮಿ ಆಗ ಬಾಯಿ ಬಿಟ್ಟಳು.

"ಅಂಗಾದ್ರೆ ಅವ್ರಿಗೆ ನಾನು ಕಾಣಾಕಿಲ್ವಾ ಅಕ್ಕ?"

ಕಾಣುವುದಿಲ್ಲ ಎಂದೆ. ಡಾಕ್ಟರಿಗೂ ಅದು ಕೇಳಿಸಿತು. ಒರೆಸಬೇಡಿ, ಹಾಗೇ ಇರಲಿ ಬಿಡಿ ಎಂದು ನನಗೆ ಹೇಳಿ, ಅವಳ ಹೆಸರು ಹಿಡಿದು ಮೆಲ್ಲಗೆ ಮಾತಾಡಿಸಿದರು. ಅವಳಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಥಂಡಿ ಹತ್ತಬಾರದೆಂದು ಕಿವಿಗೆ ಹತ್ತಿ ಇಟ್ಟು, ಮೇಲೆ ಬಟ್ಟೆ ಬಿಗಿದವಳು ಇಂದ್ರಮ್ಮನೇ. ಅದನ್ನು ಯಾರಾದರೂ ಸಡಿಲಿಸಿದರೆ ಮನೆ ಹಾರಿಹೋಗುವಂತೆ ಕೂಗಾಡುವವಳು. ಒಂದು ಗಳಿಗೆ ಹುಡುಗಿಯ ಮುಖ ನೋಡಿದಳು. ಆಮೇಲೆ ತಾನೇ ಹೋಗಿ ಬಟ್ಟೆಯ ಗಂಟು ಬಿಚ್ಚಿ, ಒಂದು ಕಿವಿಯ ಹತ್ತಿ ತೆಗೆದು, ಫೋನನ್ನು ಅಲ್ಲಿಗೆ ಹಿಡಿದು ಕೂತಳು.

"ಮಗೂನ ಎತ್ಕಂಡ್ರೆ ಕೈ ಬುಟ್ಬುಡ್ತೀನಿ ಅನ್ಸುತ್ತೆ ಸಾರ್," ಎಂದಳು ಧನಲಕ್ಷ್ಮಿ. "ನೀರು ಕಂಡ್ರೆ ಅದ್ರಾಗೆ ಮುಳುಗಿಸ್ಬುಡ್ತೀನೇನೋ ಅಂತ ಬರುತ್ತೆ. ನಂಗೆ ಅಂಗೆ ಮಾಡಾಕಿಷ್ಟ ಇಲ್ಲ. ಅದ್ಕೇ ಮುಟ್ಟಾಕಿಲ್ಲ."

ಇಂದ್ರಮ್ಮ ಇನ್ನೊಂದು ಕೈಯಿಂದ ಅವಳ ಬೆನ್ನು ಸವರಿದಳು, ಫೋನು ಕೆಳಗಿಳಿಯಲಿಲ್ಲ. ನನಗೆ ಅಳು ಬಂತು. ಮಗುವನ್ನು ಕಂಡರೆ ಆಗದವಳು ಎಂದು ಮನೆಯವರೆಲ್ಲ ತಿಳಿದಿದ್ದರೆ, ಅವಳು ಮಗುವನ್ನು ತನ್ನಿಂದಲೇ ಕಾಯುತ್ತಿದ್ದಳು.

"ಅಂಥ ಯೋಚನೆ ಬರೋದು ನಿಮ್ಮ ತಪ್ಪಲ್ಲಮ್ಮ," ಎಂದರು ಡಾಕ್ಟರು. "ಹೆರಿಗೆಯಾದ ಮೇಲೆ ಎಷ್ಟೋ ಜನಕ್ಕೆ ಬರುತ್ತೆ, ಹೇಳಿಕೊಳ್ಳೋದಿಲ್ಲ ಅಷ್ಟೆ. ವಾಸಿಯಾಗುತ್ತೆ."

ಆಮೇಲೆ ಬಹಳ ಹೊತ್ತು ಕೇಳಿದರು, ಅವಳು ಹೇಳಿದಳು. ಇವತ್ತೇ ಕೊರಟಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಬೇಕು, ಯಾವ ಹೊತ್ತಿನಲ್ಲೂ ಅವಳೊಬ್ಬಳನ್ನೇ ಬಿಡಬಾರದು ಎಂದು ನನಗೆ ಗಟ್ಟಿಯಾಗಿ ಹೇಳಿದರು. ಹಸಿ ಬಾಣಂತಿ ಹೊಸಿಲು ದಾಟುವುದು ಹೇಗೆಂದು ಹಿತ್ತಲಿಂದ ಬಂದ ನರಸಿಂಹಮ್ಮ ಬಾಯಿ ತೆಗೆಯುವುದರೊಳಗೆ ಇಂದ್ರಮ್ಮ ಹುಡುಗಿಯ ಕೈಗೆ ಬೇವಿನ ಸೊಪ್ಪು ಕೊಟ್ಟು, ಮಡಿಲಿಗೆ ಒಂದು ಕಬ್ಬಿಣದ ಚೂರು ಕಟ್ಟಿ, ಕೂಸನ್ನು ತಾನೆತ್ತಿಕೊಂಡು ಆಟೋದಲ್ಲಿ ಕೂತಾಗಿತ್ತು. ಅಲ್ಲಿನವರು ಪರೀಕ್ಷೆ ಮಾಡಿ, ತುಮಕೂರಿನವರ ಜೊತೆ ಮಾತಾಡಿ ಮಾತ್ರೆ ಶುರು ಮಾಡಿದರು. ಅವತ್ತಿನಿಂದ ಇಂದ್ರಮ್ಮನ ಚಾಪೆ ಆ ಕೋಣೆಯಲ್ಲೇ ಬಿತ್ತು.

ಡಾಕ್ಟರು ವಾರವಾರ ವಿಡಿಯೊಗೆ ಬರುತ್ತಿದ್ದರು. ಪ್ರತಿ ಸಲವೂ ಮೊದಲು ಬೊಟ್ಟು, ಆಮೇಲೆ ಮಾತು. ಕೊನೆಕೊನೆಗೆ ಡಾಕ್ಟರೇ, "ಅಜ್ಜಿ, ಬೊಟ್ಟು ಇಟ್ಟಾಯ್ತಾ?" ಎಂದು ಕೇಳುತ್ತಿದ್ದರು. ಫೋನಿನ ಕ್ಯಾಮೆರಾ ಕೆಟ್ಟಿದ್ದರೆ ರಿಪೇರಿ ಮಾಡಿಸಿ ಎಂದು ಮೇಲಿನವರಿಂದ ನನಗೆ ಮಾತು ಬಂತು. ಕ್ಯಾಮೆರಾಕ್ಕೆ ಏನೂ ಆಗಿಲ್ಲ, ಅದು ಬಾಣಂತನ ಮಾಡುತ್ತಿದೆ ಎಂದು ಅವರಿಗೆ ಹೇಗೆ ಹೇಳುವುದು? ಹುಡುಗಿಗೆ ನಿದ್ದೆ ಬರತೊಡಗಿತು. ಒಂದು ದಿನ ಮಗುವಿನ ಕಾಲು ಮುಟ್ಟಿದಳಂತೆ. ಆಮೇಲಾಮೇಲೆ ಇಂದ್ರಮ್ಮನ ಮಗ್ಗುಲಲ್ಲಿ ಕೂತು ತಾನೇ ಹಾಲು ಕುಡಿಸಿದಳಂತೆ.

ಕಳೆದ ತಿಂಗಳು ಕಾಡಿಗೆ ಡಬ್ಬಿ ಕೈಗೆತ್ತಿಕೊಂಡ ಇಂದ್ರಮ್ಮನನ್ನು ಧನಲಕ್ಷ್ಮಿ ತಡೆದಳು.

"ಇವತ್ತು ಬ್ಯಾಡ ಬುಡಜ್ಜಿ."

ಇಂದ್ರಮ್ಮ ಡಬ್ಬಿ ಮುಚ್ಚಿದಳು. ಕರೆ ಸೇರಿತು. ಅಷ್ಟು ದಿನ ಬರೀ ದನಿ ಕೇಳಿದ್ದ ಡಾಕ್ಟರು ಮೊದಲ ಸಲ ಅವಳ ಮುಖ ನೋಡಿದರು. ಅವಳ ತೋಳಲ್ಲಿ ಒದ್ದೆ ತಲೆಯ ಕೂಸು ಇತ್ತು, ಲೋಬಾನದ ಹೊಗೆ ಇನ್ನೂ ಕೋಣೆಯಲ್ಲಿತ್ತು.

"ಇವತ್ತು ನಾನೇ ನೀರು ಹಾಕ್ದೆ ಸಾರ್. ಅಜ್ಜಿ ಚೊಂಬು ನನ್ ಕೈಗೇ ಕೊಡ್ತು."

ಆ ಕಡೆಯಿಂದ ಮಾತೇ ಬರಲಿಲ್ಲ. ಹಾಳು ನೆಟ್‌ವರ್ಕ್ ಈಗಲೇ ಕೈಕೊಡಬೇಕಿತ್ತೇ ಎಂದು ಬೈಯಲು ಬಾಯಿ ತೆಗೆದೆ. ನೆಟ್‌ವರ್ಕ್ ಸರಿಯಾಗಿಯೇ ಇತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಿದ್ದರು.

"ನೋಡ್ಕಂಡ್ರಲ್ಲ ಸ್ವಾಮಿ, ಸಾಕು ಬುಡಿ," ಎಂದು ಇಂದ್ರಮ್ಮ ಕ್ಯಾಮೆರಾದ ಮೇಲೆ ಹೆಬ್ಬೆರಳಿಟ್ಟಳು.