ಗೇನರ್ ಕೇಳಬೇಕಿದ್ದ ಎರಡು ಪ್ರಶ್ನೆ

ನನ್ನ ಮಗಳು ಗೇನರ್‌ಗೆ ಈಗ ನಲವತ್ತೇಳು. ಉತ್ತರ ಇಂಗ್ಲೆಂಡಿನ ನಮ್ಮ ಕೋಲ್ನ್ ಊರಿನ ಕಾಲೇಜಿನಲ್ಲಿ ಮಧ್ಯಾಹ್ನದ ಊಟ ಬಡಿಸುವ ಕೆಲಸ. ಹನ್ನೆರಡೂವರೆಗೆ ಹುಡುಗರ ತಟ್ಟೆಗೆ ಚಿಪ್ಸು, ಬಟಾಣಿ ಹಾಕುವವಳು ಎರಡು ಗಂಟೆಗೆ ಕೂದಲಿಗೆ ಕಟ್ಟಿದ ಬಲೆ ಬಿಚ್ಚಿ, ಅದೇ ಹುಡುಗರ ಪಕ್ಕದಲ್ಲಿ ಕೂತು ಸ್ಪ್ಯಾನಿಷ್ ಓದುತ್ತಾಳೆ. ಎ-ಲೆವೆಲ್, ಅಂದರೆ ಯೂನಿವರ್ಸಿಟಿಗೆ ಹೋಗುವ ಮುಂಚಿನ ಎರಡು ವರ್ಷದ ಓದು. ತರಗತಿಯಲ್ಲಿ ಇವಳೂ ಸೇರಿ ನಾಲ್ಕೇ ಜನ. ಈಗ ಯಾರಿಗೆ ಬೇಕಾಗಿದೆ ಬೇರೆ ಭಾಷೆ! ಪಕ್ಕದ ಮನೆಯ ಮೇವಿಸ್ ಹತ್ತು ಸಲ ಸ್ಪೇನಿಗೆ ಹೋಗಿ ಬಂದಿದ್ದಾಳೆ, ಬಂದಾಗಲೆಲ್ಲ ಮೂಗು ಸುಟ್ಟುಕೊಂಡು ಬರುತ್ತಾಳೆ, ಒಂದೇ ಒಂದು ಪದ ಕಲಿತಿಲ್ಲ.

ಇವಳು ಮೊದಲ ಸಲ ಈ ಓದು ಹಿಡಿದದ್ದು ಹದಿನೇಳರಲ್ಲಿ. ಆಗ ಸ್ಪ್ಯಾನಿಷ್ ಕಲಿಸುವ ಆರ್ಮಿಟೇಜ್ ಮೇಡಂ ಕಾಲೇಜಿಗೆ ಹೊಸದಾಗಿ ಕೆಲಸಕ್ಕೆ ಬಂದಿದ್ದರು, ಸಣ್ಣ ಹುಡುಗಿಯ ಹಾಗಿದ್ದರು. ಆ ಫೆಬ್ರವರಿಯಲ್ಲಿ ನನ್ನ ಗಂಡ ಕ್ಲಿಫರ್ಡ್‌ಗೆ ಲಕ್ವ ಹೊಡೆಯಿತು. ಆರಡಿ ಆಳು. ಗಿರಣಿಯಲ್ಲಿ ಮಗ್ಗಗಳ ಗದ್ದಲದ ಮೇಲೂ ಅವನ ನಗು ಕೇಳಿಸುತ್ತಿತ್ತು. ಅಂಥವನನ್ನು ಒಬ್ಬಳೇ ಎತ್ತಿ ಕೂರಿಸುವುದು ನನ್ನ ಕೈಲಿ ಆಗಲಿಲ್ಲ. "ಈಸ್ಟರ್‌ವರೆಗೆ ಮಾತ್ರ ಕಣೇ, ಆಮೇಲೆ ಹೋಗುವಿಯಂತೆ" ಎಂದು ಮಗಳನ್ನು ಕಾಲೇಜು ಬಿಡಿಸಿದೆ. ಕ್ಲಿಫರ್ಡ್ ಹನ್ನೊಂದು ವರ್ಷ ಬದುಕಿದ.

ಆಗೊಂದು ದಿನ ಆರ್ಮಿಟೇಜ್ ಮೇಡಂ ನಮ್ಮ ಮನೆಗೆ ಬಂದರು. ಸುಯ್ಯೆಂದು ಗಾಳಿ, ಅವರ ಕಿವಿ ಕೆಂಪಗಾಗಿತ್ತು. "ಗೇನರ್‌ನ ಬಿಡಿಸ್ಬೇಡಿ, ದಯವಿಟ್ಟು. ವಾರಕ್ಕೆರಡು ದಿನ ಕಳಿಸಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದರು. "ನಮ್ಮ ಮನೆ ಕಷ್ಟ ನಿಮಗೇನು ಗೊತ್ತು?" ಎಂದೆ. ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸಿದೆ. ನಮ್ಮ ಬೀದಿಯಲ್ಲಿ ಗ್ಯಾಸ್ ಮೀಟರ್ ಓದಲು ಬಂದವನಿಗೂ ಒಂದು ಕಪ್ ಟೀ ಕೊಡದೆ ಯಾರೂ ಕಳಿಸುವುದಿಲ್ಲ. ಆ ಹುಡುಗಿಗೆ ನಾನು ಟೀ ಬೇಕೇ ಎಂದು ಸಹ ಕೇಳಲಿಲ್ಲ.

ಬೇಡ, ಆ ಮಾತು ಇರಲಿ. ಗೇನರ್ ಬಿಸ್ಕತ್ತಿನ ಕಾರ್ಖಾನೆ ಸೇರಿದಳು, ಮದುವೆಯಾದಳು, ಆ ಮದುವೆ ಮುಗಿಯಿತು, ಮತ್ತೆ ನನ್ನ ಮನೆಗೆ ಬಂದು ಕಾಲೇಜಿನ ಅಡುಗೆಮನೆ ಸೇರಿದಳು, ನಿಂತು ನಿಂತು ಕಾಲಿನ ಹೆಬ್ಬೆರಳ ಗಂಟು ದಪ್ಪಗಾಯಿತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟದ ಸಾಲಿನಲ್ಲಿ ನಿಂತಿದ್ದ ಆರ್ಮಿಟೇಜ್ ಮೇಡಂ, ತಲೆಯೆಲ್ಲ ಬೆಳ್ಳಗಾದವರು, ಇವಳ ಮುಂದೆ ತಟ್ಟೆ ಹಿಡಿದು ಸ್ಪ್ಯಾನಿಷಿನಲ್ಲಿ ಏನೋ ಕೇಳಿದರಂತೆ. ಇವಳ ಬಾಯಿಂದ ಉತ್ತರ ತಾನಾಗಿ ಬಂತಂತೆ. ಹಿಂದೆ ನಿಂತ ಹುಡುಗರು "ಓಹೋ, ಅಡುಗೆಮನೆ ಆಂಟಿ ಸ್ಪೇನಿನವರು!" ಎಂದು ಕೂಗಿದರಂತೆ. ಮುಂದಿನ ಸೆಪ್ಟೆಂಬರಿಗೆ ಇವಳ ಹೆಸರು ಹಾಜರಿ ಪಟ್ಟಿಯಲ್ಲಿತ್ತು.

ಇವಳ ಆಸೆ ಚಿಕ್ಕದು. ಡಿಗ್ರಿ ಮಾಡಿ, ಚಿಕ್ಕ ಮಕ್ಕಳ ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಸಬೇಕು. ಯೂನಿವರ್ಸಿಟಿಯವರು ಸೀಟು ಕೊಡುತ್ತೇವೆ, ಆದರೆ ಬಿ ದರ್ಜೆ ಬರಬೇಕು ಎಂದರು.

ಬರೆಯುವ ಪರೀಕ್ಷೆಯ ಭಯ ಇವಳಿಗಿರಲಿಲ್ಲ. ಭಯವೆಲ್ಲ ಮಾತಾಡುವ ಪರೀಕ್ಷೆಯದು. ಅದನ್ನು ನಡೆಸುವವರು ಪಾಠ ಹೇಳಿದ ಮೇಡಮ್ಮೇ. ಮೇಜಿನ ಮೇಲೆ ಎಲ್ಲವನ್ನೂ ರೆಕಾರ್ಡ್ ಮಾಡುವ ಯಂತ್ರ ಇಟ್ಟಿರುತ್ತಾರೆ, ಅಂಕ ಕೊಡುವವರು ಎಲ್ಲೋ ದೂರದಲ್ಲಿ ಕೂತು ಅದನ್ನು ಕೇಳುತ್ತಾರೆ. ಮೊದಲು ಒಂದು ಕಾರ್ಡು ಕೊಟ್ಟು ಅದರ ಮೇಲೆ ಮಾತು. ಆಮೇಲೆ ತಾನೇ ಆರಿಸಿಕೊಂಡು ಓದಿದ ವಿಷಯ. ಇವಳು ಆರಿಸಿಕೊಂಡದ್ದು ಸ್ಪೇನಿನ ಶಾಲೆಗಳ ಮಧ್ಯಾಹ್ನದ ಊಟ! ಅಲ್ಲಿ ಮಕ್ಕಳು ಕೂತು ನಿಧಾನವಾಗಿ ಬೇಳೆ ಸಾರು, ಮೀನು, ಹಣ್ಣು ತಿನ್ನುತ್ತಾರಂತೆ. "ನಮ್ಮ ಹುಡುಗರು ನಿಂತ್ಕೊಂಡೇ ನುಂಗ್ತಾರಮ್ಮ, ಬಾತುಕೋಳಿ ಥರ" ಎನ್ನುತ್ತಿದ್ದಳು.

ಇದರ ಅಭ್ಯಾಸಕ್ಕೆ ಸಿಕ್ಕವಳು ನಾನು. ಸಂಜೆ ಆರಕ್ಕೆ ಅಡುಗೆಮನೆಯ ಮೇಜಿನ ಆಚೆ ನಾನು ಮೇಡಂ, ಈಚೆ ಅವಳು. ಮೊಟ್ಟೆ ಬೇಯಿಸುವಾಗ ಇಡುವ ಗಡಿಯಾರವನ್ನು ತಿರುಗಿಸಿಡುತ್ತಿದ್ದೆ. ಅವಳು ಬರೆದುಕೊಟ್ಟ ಪ್ರಶ್ನೆಗಳನ್ನು ಬಾಯಿಗೆ ಬಂದ ಹಾಗೆ ಓದುತ್ತಿದ್ದೆ. ಅವಳು ಉತ್ತರ ಹೇಳಿದಾಗ ದೊಡ್ಡ ವಿದ್ವಾಂಸರ ಹಾಗೆ ತಲೆಯಾಡಿಸುತ್ತಿದ್ದೆ.

"ಏನರ್ಥ ಆಯ್ತು ನಿಂಗೆ?"

"ಬೇಳೆ ಸಾರು ಅಂದೆ. ಅದು ದಿನಾ ಅಂತೀಯ."

ಕಾರ್ಡಿನ ಮೇಲೆ ಮಾತಾಡುವಾಗ ಓದುವವರೂ ಮೇಡಂಗೆ ಎರಡು ಪ್ರಶ್ನೆ ಕೇಳಲೇಬೇಕು, ಆ ಕಾರ್ಡಿನ ವಿಷಯದ ಮೇಲೆಯೇ. ಕೇಳದಿದ್ದರೆ ಅಂಕ ಹೋಯಿತು. ನನ್ನನ್ನು ಕೇಳಿ ಏನು ಪ್ರಯೋಜನ? ನನಗೆ ಉತ್ತರ ಹೇಳಲು ಬಾರದು. ಅದಕ್ಕೆ ಆ ಜಾಗ ಬಂದಾಗಲೆಲ್ಲ ಗೇನರ್ ಎದ್ದು, "ಅಮ್ಮ, ಟೀಗೆ ನೀರಿಡ್ಲಾ?" ಎಂದು ಸ್ಪ್ಯಾನಿಷಿನಲ್ಲಿ ಕೇಳುತ್ತಿದ್ದಳು. ಅದೊಂದು ನನಗೆ ತಿಳಿಯುತ್ತಿತ್ತು. "ಸೀ" ಎನ್ನುತ್ತಿದ್ದೆ, ಅಂದರೆ ಹೂಂ ಎಂದು. ನಗುತ್ತಿದ್ದೆವು. ಚಳಿಗಾಲವಿಡೀ ಹಾಗೇ ಮಾಡಿದೆವು.

ಮೇ ತಿಂಗಳಲ್ಲಿ ಪರೀಕ್ಷೆಯ ದಿನ ಅಡುಗೆಮನೆಯ ಇನ್ನೊಬ್ಬಳಿಗೆ ಜ್ವರ. ರಜೆ ಹಾಕು ಎಂದರೆ ಇವಳು ಕೇಳಲಿಲ್ಲ. ಮುನ್ನೂರು ತಟ್ಟೆ ಬಡಿಸಿ, ತಟ್ಟೆ ತೊಳೆಯುವ ಯಂತ್ರದ ಹಬೆಯಲ್ಲಿ ಬೆವರಿ, ಎರಡೂವರೆಗೆ ಆ ಕೋಣೆಗೆ ಹೋಗಿ ಕೂತಳು. ಕಾರ್ಡಿನ ಮಾತು ಚೆನ್ನಾಗಿಯೇ ಆಯಿತಂತೆ. ಕೊನೆಯಲ್ಲಿ ಇವಳು ಪ್ರಶ್ನೆ ಕೇಳುವ ಜಾಗ ಬಂತು. ಆರ್ಮಿಟೇಜ್ ಮೇಡಂ ಕಾದರು. ಯಂತ್ರ ಓಡುತ್ತಿತ್ತು. ನಿಯಮದ ಪ್ರಕಾರ ಒಂದು ಸಲ ನೆನಪಿಸಬಹುದು: "ನನ್ನನ್ನೇನಾದರೂ ಕೇಳಬೇಕೆ?" ಎಂದರು.

ನನ್ನ ಮಗಳು ಎದ್ದು ನಿಂತು, "ಅಮ್ಮ, ಟೀಗೆ ನೀರಿಡ್ಲಾ?" ಎಂದಳು.

"ಮೇಡಂ ಏನಂದ್ರು?" ಎಂದು ಆ ಸಂಜೆ ನಾನು ಕೇಳಿದೆ. ಗೇನರ್ ಕೋಟು ಸಹ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಳು.

"ಒಂದು ನಿಮಿಷ ನನ್ನ ಮುಖಾನೇ ನೋಡಿದ್ರು. ಆಮೇಲೆ, ಇಡಮ್ಮ, ನಂಗೆ ಸಕ್ಕರೆ ಬೇಡ ಅಂದ್ರು. ಸ್ಪ್ಯಾನಿಷಲ್ಲೇ."

ನಾವಿಬ್ಬರೂ ನಗಲಿಲ್ಲ. ಎರಡನೆಯ ಪ್ರಶ್ನೆ ಅವಳ ಬಾಯಿಗೆ ಬರಲೇ ಇಲ್ಲವಂತೆ. ಊಟದ ವಿಷಯದಲ್ಲೂ ಆಮೇಲೆ ತಡವರಿಸಿದಳಂತೆ.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಸಿ ದರ್ಜೆ. ಬಿ ಬರಲು ನಾಲ್ಕು ಅಂಕ ಕಡಿಮೆ. ಯೂನಿವರ್ಸಿಟಿಯವರು ಮುಂದಿನ ವರ್ಷ ಬಿ ತಂದರೆ ನೋಡೋಣ ಎಂದರು. ಗೇನರ್ ಆ ಕಾಗದವನ್ನು ಬ್ರೆಡ್ಡಿನ ಡಬ್ಬಿಯ ಮೇಲಿಟ್ಟು, "ನನ್ ಕೈಲಾಗಲ್ಲಮ್ಮ, ಸಾಕಾಯ್ತು" ಎಂದು ಮಲಗಲು ಹೋದಳು. ಹೊರಗಿನ್ನೂ ಬಿಸಿಲಿತ್ತು. ಎರಡು ದಿನ ಆ ಕಾಗದ ಅಲ್ಲೇ ಇತ್ತು. ನಾನು ಬ್ರೆಡ್ಡು ತೆಗೆಯುವಾಗಲೆಲ್ಲ ಅದನ್ನು ಎತ್ತಿ ಮತ್ತೆ ಇಡುತ್ತಿದ್ದೆ.

ಮೂರನೆಯ ದಿನ ಆರ್ಮಿಟೇಜ್ ಮೇಡಂಗೆ ಫೋನು ಮಾಡಿ, ಮನೆಗೆ ಬನ್ನಿ ಎಂದೆ. ಬಂದರು. ಮೂವತ್ತು ವರ್ಷದ ಮೇಲೆ ಒಳಗೆ ಕರೆದೆ. ಟೀ ಕೊಟ್ಟೆ, ಸಕ್ಕರೆ ಹಾಕದೆ. "ತಪ್ಪು ನಂದು ಮೇಡಂ. ಪ್ರಶ್ನೆ ಕೇಳೋದನ್ನ ಅಭ್ಯಾಸ ಮಾಡಿಸ್ಲಿಲ್ಲ. ನಂಗೆ ಉತ್ತರ ಹೇಳೋದಕ್ಕೆ ಕಲಿಸ್ಕೊಡಿ" ಎಂದೆ.

"ನಿಮಗೆ ವಯಸ್ಸೆಷ್ಟು, ಮಿಸೆಸ್ ಹಾಸ್ಲಂ?"

"ಎಪ್ಪತ್ತೆಂಟು. ಬೇಗ ಬೇಗ ಕಲಿಸಿ."

ಅವರಿಗೂ ನಿವೃತ್ತಿಗೆ ಒಂದೇ ವರ್ಷ. ಕಣ್ಣ ಕೆಳಗೆ ಚೀಲ ಕಟ್ಟಿಕೊಂಡಂತೆ ಊದಿದೆ. ಆದರೂ ಗುರುವಾರ ಗುರುವಾರ ಬರುತ್ತಾರೆ. ನನಗೆ ಹೌದು, ಅಲ್ಲ, ಒಮ್ಮೊಮ್ಮೆ, ನಮ್ಮ ಕಾಲದಲ್ಲಿ ಹಾಗಿರಲಿಲ್ಲ, ಇಷ್ಟು ಬಂದಿದೆ. ಇಷ್ಟರಲ್ಲಿ ಬಹಳಷ್ಟು ಪ್ರಶ್ನೆಗಳಿಗೆ ಉತ್ತರ ಹೇಳಬಹುದು, ನಿಜವಾಗಿ.

ಗೇನರ್ ಮೊದಲು ಮುಖ ತಿರುಗಿಸಿಕೊಂಡೇ ಇದ್ದಳು. ಕಳೆದ ಮಂಗಳವಾರ ತಾನಾಗಿಯೇ ಬಂದು ಮೇಜಿನ ಈಚೆ ಕೂತಳು, ಚಪ್ಪಲಿಯಿಂದ ಆ ನೋಯುವ ಕಾಲು ಹೊರಗೆ ತೆಗೆದಿಟ್ಟು. ನಾನು ಗಡಿಯಾರ ತಿರುಗಿಸಿದೆ. ಕಾರ್ಡು ಮನೆಯಲ್ಲಿ ಮುದುಕರನ್ನು, ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರ ಬಗ್ಗೆ. ಮಾತಾಡಿದಳು. ಆಮೇಲೆ ಪ್ರಶ್ನೆಯ ಜಾಗ ಬಂತು. ಕಾರ್ಡಿನಿಂದ ಕಣ್ಣು ತೆಗೆಯದೆ ಏನೋ ಕೇಳಿದಳು. ಅದರಲ್ಲಿ ಅಪ್ಪ ಎನ್ನುವ ಪದ ಇತ್ತು, ಹದಿನೇಳು ಎನ್ನುವುದೂ ಇತ್ತು.

"ಪೂರ್ತಿ ತಿಳೀಲಿಲ್ಲ ಕಣೇ. ನಮ್ ಭಾಷೇಲಿ ಹೇಳು."

"ಅವತ್ತು ನನ್ನ ಕಾಲೇಜು ಬಿಡಿಸಿದ್ದಕ್ಕೆ ನಿಂಗೆ ಬೇಜಾರಿದ್ಯಾ, ಅಂತ."

"ಸೀ" ಎಂದೆ.

ಅವಳು ಕಾರ್ಡಿನ ಮೂಲೆ ಮಡಿಸಿದಳು, ಬಿಚ್ಚಿದಳು. "ಬರೀ ಸೀ ಅಂದ್ರೆ ಆಗಲ್ಲಮ್ಮ. ಪೂರ್ತಿ ವಾಕ್ಯದಲ್ಲಿ ಹೇಳ್ಬೇಕು. ಮೇಡಂ ಬಿಡಲ್ಲ."

"ಅಷ್ಟು ಇನ್ನೂ ಕಲಿತಿಲ್ಲ. ಮೇ ತಿಂಗಳೊಳಗೆ ಕಲೀತೀನಿ."

"ಸರಿ" ಎಂದು ಕಾರ್ಡನ್ನು ನೆಟ್ಟಗೆ ಹಿಡಿದಳು. "ಇದು ಒಂದಾಯ್ತು. ಎರಡನೇದು ಕೇಳ್ತೀನಿ, ಗಡಿಯಾರ ನಿಲ್ಲಿಸ್ಬೇಡ."