ಬೋರಿನ ನೀರು, ಹೇರಳೆ ಹುಳಿ

ಗೋಣಿಬೀಡಿನ ಹತ್ತಿರದ ನಮ್ಮ ಎಸ್ಟೇಟಿನ ಮನೆಗೆ ಗುಡ್ಡದ ಮೇಲಿಂದ ಪೈಪಿನಲ್ಲಿ ತಣ್ಣಗೆ ಒರತೆ ನೀರು ಬರುತ್ತಿತ್ತು. ಪಕ್ಕದ ತೋಟದವರು ಬೋರು ಕೊರೆಸಿದರೆಂದು ನನ್ನ ಮಾವನಿಗೆ ಹೊಟ್ಟೆಯುರಿ. ತಾವೂ ಕೊರೆಸಿ ಮನೆಗೆ ಅದೇ ನೀರು ಬಿಡಿಸಿದರು. ಆ ನೀರಿನಲ್ಲಿ ಬೇಳೆ ಬೇಯದು, ಸೋಪಿಗೆ ನೊರೆ ಬಾರದು. ಆದರೆ ಮಾವ ಕೊರೆಸಿದ್ದು ಕೆಟ್ಟದ್ದಾಗಲು ಸಾಧ್ಯವೇ?

ಅದೇ ವರ್ಷ ಸ್ಟೀಲ್ ಸಿಂಕು, ಫಳಫಳ ನಲ್ಲಿ ಬಂದವು. ತಿಂಗಳೊಳಗೆ ಎರಡಕ್ಕೂ ಬಿಳಿ ಕಲೆ ಹಿಡಿಯಿತು. ಪಾತ್ರೆ ತೊಳೆಯುವವಳು ಮೈಗಳ್ಳಿ ಎಂದು ಮಾವ ತೀರ್ಪು ಕೊಟ್ಟರು. ನನಗಿಂತ ಮೊದಲೇ ಆ ಮನೆಗೆ ಬಂದಿದ್ದ ಹೆಂಗಸು ಅವಳು. ನಾದಿನಿಯನ್ನು ನೋಡಲು ಗಂಡಿನವರು ಬರುವುದರೊಳಗೆ ಕಲೆ ಹೋಗದಿದ್ದರೆ ಕೆಲಸಕ್ಕೆ ಬರುವುದೇ ಬೇಡ ಎಂದರು. ತಿಕ್ಕುವುದು ಹೇಗೆಂದು ತೋರಿಸಲು, ಹಿತ್ತಾಳೆ ಹಂಡೆ ಬೆಳಗುವಂತೆ ತಾವೇ ಇಟ್ಟಿಗೆ ಪುಡಿ ಹಾಕಿ ನಲ್ಲಿಯನ್ನು ಉಜ್ಜಿದರು. ನಲ್ಲಿಯ ಮೈಯೆಲ್ಲ ಗೀರಾಯಿತು, ಕಲೆ ಅಲ್ಲೇ ಉಳಿಯಿತು. ಗೆದ್ದವರಂತೆ ಕೈ ತೊಳೆದುಕೊಂಡು ಹೋದರು.

ಕೆಲಸದವಳು ಹಿತ್ತಲಿನಿಂದ ನಿಂಬೆಯಂತೆ ಹುಳಿಯಾದ ಹೇರಳೆಕಾಯಿ ಕಿತ್ತು ತಂದಳು. ರಸದಲ್ಲಿ ಬಟ್ಟೆ ನೆನೆಸಿ ನಲ್ಲಿಗೆ ಸುತ್ತಿದಳು, ಸಿಂಕಿಗೂ ಹಾಸಿದಳು. ದೋಸೆಗೆ ರುಬ್ಬಿ ಮುಗಿಸಿ ಬಂದು ಬಿಚ್ಚಿದರೆ ಆ ಗಟ್ಟಿ ಬಿಳುಪು ಮೆತ್ತಗಾಗಿತ್ತು. ಸಿಪ್ಪೆಯಿಂದ ಮೆಲ್ಲಗೆ ಉಜ್ಜಿ, ತೊಳೆದು, ಒಣಬಟ್ಟೆಯಲ್ಲಿ ಒರೆಸಿದಳು. ಗೀರು ಬಿಟ್ಟರೆ ಏನೂ ಉಳಿಯಲಿಲ್ಲ.

"ಅಮ್ಮ, ಇದು ಕೊಳೆ ಅಲ್ಲ, ನೀರಿನ ಸುಣ್ಣ. ದಿನಾ ಒರೆಸದಿದ್ರೆ ಮತ್ತೆ ಕೂರ್ತದೆ. ಸಾವ್ಕಾರ್ರಿಗೆ ನೀವೊಂದ್ಮಾತು ಹೇಳಿ. ನಾನು ಹೇಳಿದ್ರೆ ನಡಿಯಲ್ಲ," ಎಂದಳು. ಹೇಳುತ್ತೇನೆ ಎಂದೆ.

ಗಂಡಿನವರು ಬಂದರು, ಉಪ್ಪಿಟ್ಟು ತಿಂದರು, ಹೋದರು. ನಲ್ಲಿಯ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ಬೈದಿದ್ದಕ್ಕೇ ಕೆಲಸವಾಯಿತು ಎಂದು ಮಾವ ವಾರವಿಡೀ ಹೇಳಿಕೊಂಡು ತಿರುಗಿದರು.

ಅವಳು ಜ್ವರದಿಂದ ನಾಲ್ಕು ದಿನ ಬರಲಿಲ್ಲ. ಒರೆಸುವ ಕೆಲಸ ನನಗೂ ಬೇಕಿರಲಿಲ್ಲ. ಕಲೆ ಮತ್ತೆ ಕೂತಿತು. ಅವಳು ಬಂದ ದಿನ ಮಾವ ಅಡುಗೆಮನೆಗೇ ಬಂದು ನಿಂತರು. ನೀರೇ ಹಾಗಿದೆ ಎಂದು ಅವಳು ಅವರೆದುರು ಮೊದಲ ಸಲ ಬಾಯಿಬಿಟ್ಟಳು.

ಮಾವ ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮ, ನಮ್ಮ ನೀರಿಗೆ ಏನಾಗಿದೆ?"

"ನೀರು ಚೆನ್ನಾಗೇ ಇದೆ ಮಾವ," ಎಂದೆ.

ಅವಳು ಕೈಯಲ್ಲಿದ್ದ ಪಾತ್ರೆಯನ್ನು ಪೂರ್ತಿ ತೊಳೆದು ಬೋರಲು ಹಾಕಿ ಹೊರಟಳು, ಮತ್ತೆ ಕೆಲಸಕ್ಕೆ ಬರಲಿಲ್ಲ. ಮಾವನನ್ನು ಜೀವನವಿಡೀ ಮನಸ್ಸಿನಲ್ಲೇ ಹೀಯಾಳಿಸಿದ್ದೇನೆ. ಅವರಿಗಾದರೋ ನಿಜ ಗೊತ್ತಿರಲಿಲ್ಲ.