ಮೂಗು ಹಿಡಿದು ಹಂಚಿದ್ದು

ನಮ್ಮ ಇಂಗ್ಲಿಷ್ ಮೇಷ್ಟ್ರಿಗೆ ಸ್ವತಃ ಹೊಡೆಯುವುದೆಂದರೆ ಬೇಸರ. ಆ ಕೆಲಸವನ್ನು ನಮಗೇ ವಹಿಸಿದ್ದರು. ಉತ್ತರ ಗೊತ್ತಿಲ್ಲದವರು ಎದ್ದು ನಿಲ್ಲಬೇಕು, ಗೊತ್ತಿದ್ದವರು ಅವರ ಮೂಗು ಹಿಡಿದು ಕಪಾಳಕ್ಕೊಂದು ಕೊಡಬೇಕು. ಹಡಗಲಿಯ ಆ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯುದ್ದಕ್ಕೂ ನನ್ನ ಮೂಗು ಸಾರ್ವಜನಿಕ ಆಸ್ತಿಯಾಗಿತ್ತು.

ನಮ್ಮೂರು ಮಾಗಳದಿಂದ ನಾನು ಗೆಳತಿಯ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದೆ. ಸರ್ಕಾರ ನನಗೂ ಸೈಕಲ್ ಕೊಟ್ಟಿತ್ತು, ಆದರೆ ಅದು ಅಪ್ಪನ ಹಾಲಿನ ಕ್ಯಾನು ಹೊರುತ್ತಿತ್ತು. ಒಂದು ದಿನ ಗೆಳತಿ ತುಳಿಯುತ್ತಲೇ ನನಗೆ ಪಾಠ ಹೇಳಿಕೊಟ್ಟಳು.

"ಮೀಟ್ ಔಟ್ ಅಂದ್ರ ಶಿಕ್ಷಾ ಹಂಚೋದು. ಎಷ್ಟು ಸಲ ಹೇಳ್ಬೇಕ ನಿನಗ?"

ತರಗತಿಯಲ್ಲಿ ಮೇಷ್ಟ್ರು ಅದನ್ನೇ ಕೇಳಿದರು. ಒಬ್ಬೊಬ್ಬರಾಗಿ ಮುಂದಿನ ಬೆಂಚುಗಳವರೆಲ್ಲ ಎದ್ದು ನಿಂತರು. ಗೆಳತಿಯ ಸರದಿ ಬಂದಾಗ ಅವಳೂ ಎದ್ದು ನಿಂತಳು. ಮೇಷ್ಟ್ರ ಮುಖ ಕಂಡರೆ ಅವಳಿಗೆ ತನ್ನ ಹೆಸರೇ ಮರೆಯುತ್ತಿತ್ತು. ಪಕ್ಕದಲ್ಲಿದ್ದ ನಾನು ಹೇಳಿಬಿಟ್ಟೆ. ಸುಮ್ಮನಿರಬಹುದಿತ್ತಲ್ಲ ಎಂದು ನೀವು ಕೇಳಬಹುದು. ವರ್ಷಪೂರ್ತಿ ಮೂಗು ಹಿಡಿಸಿಕೊಂಡವಳಿಗೆ ಅಂಥ ತ್ಯಾಗವೆಲ್ಲ ಹೊಳೆಯುವುದಿಲ್ಲ.

"ಶಭಾಷ್! ಹಂಗಾರ ಹಂಚು," ಎಂದರು ಮೇಷ್ಟ್ರು.

ಮುಂದಿನ ಬೆಂಚುಗಳಿಗೆ ಹಳೆಯ ಸೇಡೆಲ್ಲ ಸೇರಿಸಿ ಚೆನ್ನಾಗಿಯೇ ಹಂಚಿದೆ. ಕೊನೆಗೆ ಗೆಳತಿಯ ಮುಂದೆ ಬಂದಾಗ ಕೈ ಏಳಲಿಲ್ಲ. ಸಂಜೆ ನಾನು ಮನೆ ಮುಟ್ಟಬೇಕಾದದ್ದು ಅವಳ ಸೈಕಲ್ಲಿನಲ್ಲೇ. ಅದು ಹೋಗಲಿ, ಆ ಉತ್ತರವೇ ಅವಳದ್ದು. ಧೂಳು ಒರೆಸಿದಂತೆ ಕೆನ್ನೆ ಸವರಿದೆ.

"ಏನವ್ವಾ, ಅರಿಷಿಣ ಹಚ್ಚಾಕತ್ತೀಯೇನು? ಹಿಂಗ ಹೊಡೀಬೇಕು," ಎಂದು ಮೇಷ್ಟ್ರು ನನ್ನ ಕೆನ್ನೆಯ ಮೇಲೆಯೇ ತೋರಿಸಿಕೊಟ್ಟರು. ಆ ಉರಿಯಲ್ಲಿ ನಾನು ಹೊಡೆದೇಬಿಟ್ಟೆ. ಸದ್ದಿಗೆ ಹೊರಗಿನ ಬೇವಿನ ಮರದ ಕಾಗೆಗಳೂ ಹಾರಿದವು. ಗೆಳತಿ ಅಳಲಿಲ್ಲ, ನನ್ನನ್ನೇ ನೋಡಿದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಶಾಲೆ ಬಿಟ್ಟಾಗ ನೋಡಿದರೆ ಸೈಕಲ್ ಇಲ್ಲ. ಅಳುತ್ತಾ ನಡೆದೆ. ಊರ ಹೊರಗಿನ ಮೋರಿಯ ಕಟ್ಟೆಯ ಮೇಲೆ ಅವಳು ಕೂತಿದ್ದಳು, ಒಂದು ಕೆನ್ನೆ ಇನ್ನೂ ಕೆಂಪಗೆ. ಎದ್ದು ಸೈಕಲ್ಲಿನ ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟಳು.

"ಇವತ್ತು ನೀ ತುಳಿ. ನಾ ಹಿಂದ ಕುಂದರ್ತೀನಿ."

ಎದುರುಗಾಳಿ, ಸಾಲದ್ದಕ್ಕೆ ನನಗಿಂತ ದಪ್ಪ ಅವಳು. ಆದರೂ ಅಷ್ಟು ಸಂತೋಷದಿಂದ ನಾನೆಂದೂ ಸೈಕಲ್ ತುಳಿದಿಲ್ಲ. ಮೊದಲ ಏರಿನಲ್ಲೇ ಬೆನ್ನಿಗೊಂದು ಗುದ್ದು ಬಿತ್ತು.

"ಮೀಟ್ ಔಟ್ ಅಂದ್ರೇನಲೇ?"

"ಶಿಕ್ಷಾ ಹಂಚೋದು!"

"ಅರ್ಥ ಬಂತು. ಇನ್ನ ವಾಕ್ಯದಾಗ ಬಳಸು."

ಮಾಗಳ ಮುಟ್ಟುವಷ್ಟರಲ್ಲಿ ಒಂಬತ್ತು ವಾಕ್ಯ ಮಾಡಿದೆ. ತಪ್ಪಿದ್ದಕ್ಕೂ ಗುದ್ದು, ಸರಿಯಾದದ್ದಕ್ಕೂ ಗುದ್ದು.